ಬೋರ್ಡು ಹಿಂದಕ್ಕೆ ವಾಲುತ್ತಿತ್ತು

ಕುಮಟಾದ ಕಾಲೇಜೊಂದರ ಸಭಾಂಗಣದಲ್ಲಿ ಮೊದಲ ವಿದ್ಯಾರ್ಥಿನಿ ನಮ್ಮ ಬೋರ್ಡಿನ ಮೇಲೆ ಎರಡೂ ಕಾಲಿಟ್ಟು ನಿಂತಳು. ಪರದೆಯ ಮೇಲಿದ್ದ ಸ್ಕೇಟರ್ ಒಂದು ಮಾರು ದೂರವೂ ಹೋಗದೆ ಮುಖ ಅಡಿಯಾಗಿ ರಸ್ತೆಗೆ ಬಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡನೆಯವನು ನಿಂತಾಗಲೂ ಸ್ಕೇಟರ್ ಹಾಗೆಯೇ ಬಿದ್ದ. ಮೂರನೆಯವಳು ಕಾಲೇಜಿನ ವಾಲಿಬಾಲ್ ತಂಡದವಳು, ನೆಲ ಕಚ್ಚಿ ನಿಲ್ಲುವ ಗಟ್ಟಿ ಹುಡುಗಿ. ಅವಳು ನಿಂತಾಗಲೂ ಬಿದ್ದ. ಆಮೇಲೆ ಯಾರೂ ನಗಲಿಲ್ಲ. ಸಾಲಿನಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಮೊಬೈಲ್ ತೆಗೆದು ನೋಡತೊಡಗಿದರು.

ನಾವು ಮೂವರು ಸೇರಿ ಮಾಡುತ್ತಿದ್ದ ವಿಡಿಯೋ ಗೇಮ್ ಅದು. ಅದನ್ನು ಆಡಲು ಕೈಯಲ್ಲಿ ಹಿಡಿಯುವ ಗುಂಡಿಗಳಿರಲಿಲ್ಲ. ಹಲಸಿನ ಹಲಗೆಯನ್ನು ಸ್ಕೇಟ್‌ಬೋರ್ಡಿನ ಆಕಾರಕ್ಕೆ ಕೊಯ್ಯಿಸಿ, ತಳವನ್ನು ದೋಣಿಯ ಹೊಟ್ಟೆಯಂತೆ ತುಸು ಉಬ್ಬಿಸಿ, ಒಳಗೆ ಚಲನೆಯನ್ನು ಅಳೆಯುವ ಸೆನ್ಸರ್ ಕೂರಿಸಿದ್ದೆವು. ಚಕ್ರಗಳಿಲ್ಲ. ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ಅದರ ಮೇಲೆ ಅಡ್ಡಲಾಗಿ ನಿಲ್ಲಬೇಕು. ಮುಂದಿನ ಕಾಲಿಗೆ ಭಾರ ಹಾಕಿದರೆ ವೇಗ, ಹಿಂದಿನದಕ್ಕೆ ಹಾಕಿದರೆ ಬ್ರೇಕು, ಹಿಂದಿನ ತುದಿಯನ್ನು ಒದ್ದು ಮೈ ಎತ್ತಿದರೆ ಜಿಗಿತ. ಪರದೆಯ ಮೇಲೆ ಭಟ್ಕಳದ ಪೇಟೆಯ ಓಣಿಗಳು, ಹೊನ್ನಾವರದ ಸೇತುವೆ, ಕುಮಟಾದ ಹತ್ತಿರ ಹೆದ್ದಾರಿಗಾಗಿ ಕಡಿದ ಗುಡ್ಡದ ಇಳಿಜಾರು.

ಸೆನ್ಸರ್ ಮತ್ತು ಅದರ ಲೆಕ್ಕಾಚಾರ ನನ್ನ ಕೆಲಸ. ಹೊಳನಗದ್ದೆಯಿಂದ ದಿನಾ ಬಸ್ಸಿನಲ್ಲಿ ಹೊನ್ನಾವರಕ್ಕೆ ಬರುತ್ತಿದ್ದೆ. ಅಲ್ಲಿ ಬಂದರಿನ ರಸ್ತೆಯಲ್ಲಿ, ಬಲೆ ಮತ್ತು ಹಗ್ಗದ ಅಂಗಡಿಯ ಮಹಡಿಯಲ್ಲಿ ನಮ್ಮ ಕೋಣೆ. ಚಿತ್ರಗಳನ್ನು ಬರೆದು ಅವನ್ನು ಚಲಿಸುವಂತೆ ಮಾಡುತ್ತಿದ್ದವಳು ಭಟ್ಕಳದ ಚಿತ್ರಗಾರ್ತಿ, ಮನೆಯಲ್ಲಿ ನವಾಯತಿ ಕೊಂಕಣಿ ಮಾತಾಡುವವಳು. ಆಟದ ವಿನ್ಯಾಸಕ ಮಾವಳ್ಳಿಯ ಮೀನುಗಾರರ ಮನೆಯವನು. ಗೋವೆಯಲ್ಲಿದ್ದಾಗ ಸ್ಕೇಟ್‌ಬೋರ್ಡ್ ಕಲಿತು, ಆ ಹುಚ್ಚನ್ನು ಊರಿಗೂ ತಂದಿದ್ದ. ನಿಜವಾದ ಬೋರ್ಡಿನ ಮೇಲೆ ನಿಲ್ಲಬಲ್ಲವನು ನಮ್ಮಲ್ಲಿ ಅವನೊಬ್ಬನೇ. ಹಾಗಾಗಿ ಆಟದ ಪ್ರತಿಯೊಂದು ಅಳತೆಯನ್ನೂ ಅವನ ಮೈಗೇ ಹೊಂದಿಸಿದ್ದೆವು.

ಹೈದರಾಬಾದಿನ ವಿಡಿಯೋ ಗೇಮ್ ಪ್ರಕಾಶಕರೊಬ್ಬರು ನಮ್ಮ ಆಟವನ್ನು ತಮ್ಮ ವಾರ್ಷಿಕ ಪ್ರದರ್ಶನದಲ್ಲಿ ಇಡಲು ಒಪ್ಪಿದ್ದರು. ಅದಕ್ಕೆ ಕೆಲವೇ ವಾರಗಳು ಉಳಿದಿದ್ದವು.

ಬೋರ್ಡು ತೊಂದರೆ ಕೊಡುವುದು ನಮಗೆ ಹೊಸದಾಗಿರಲಿಲ್ಲ. ಮಳೆಗಾಲಕ್ಕೆ ಮೊದಲೇ ವಿನ್ಯಾಸಕ ಗೊಣಗಲು ಶುರು ಮಾಡಿದ್ದ. "ಸುಮ್ನೆ ನಿಂತ್ರೂ ಬ್ರೇಕ್ ಹಿಡೀತದೆ ಮಾರಾಯ್ತಿ. ಹಿಂದಕ್ಕೆ ವಾಲ್ತದೆ," ಎನ್ನುತ್ತಿದ್ದ. ನಾನು ನೋಡಿದರೆ ನಿಜ. ಅವನು ಸುಮ್ಮನೆ ನಿಂತಾಗ ಸೆನ್ಸರ್ ಸೊನ್ನೆ ತೋರಿಸಬೇಕಿತ್ತು, ತೋರಿಸುತ್ತಿರಲಿಲ್ಲ. ಅಗ್ಗದ ಸೆನ್ಸರ್, ಕರಾವಳಿಯ ಸೆಕೆ, ಹಲಗೆ ಹೀರಿದ ತೇವ ಎಂದು ಕಾರಣಗಳನ್ನು ಹುಡುಕಿದೆ. ಸೊನ್ನೆಯ ಜಾಗವನ್ನು ತುಸು ಸರಿಸಿದೆ. ಕೆಲ ದಿನ ಸರಿಯಾಯಿತು. ಮತ್ತೆ ವಾಲಿತು. ಮತ್ತೆ ಸರಿಸಿದೆ. ಸೆನ್ಸರ್ ಬದಲಿಸಿದೆ, ಹಲಗೆಗೆ ಎಣ್ಣೆ ಹಚ್ಚಿಸಿದೆ, ಕೊನೆಗೆ ಬೇರೆ ಹಲಗೆಯನ್ನೇ ಮಾಡಿಸಿದೆ. ಅದೂ ವಾಲಿತು. ನಡುನಡುವೆ ನಾನೇ ಹತ್ತಿ ನಿಂತರೆ ಪರದೆಯ ಸ್ಕೇಟರ್ ಮುಗ್ಗರಿಸುತ್ತಿದ್ದ. ನನಗೆ ಸ್ಕೇಟಿಂಗ್ ಬಾರದ್ದರಿಂದ ಹಾಗಾಗುತ್ತದೆ ಎಂದುಕೊಂಡಿದ್ದೆ. ಅವನೂ ಹಾಗೆಯೇ ಅಂದುಕೊಂಡು ನಗುತ್ತಿದ್ದ.

ಸಭಾಂಗಣದ ಮರುದಿನ ನಾನು ಮನುಷ್ಯರನ್ನು ಬಿಟ್ಟು ಮರಳಿನ ಚೀಲಗಳನ್ನು ತಂದೆ. ಒಂದೇ ತೂಕದ ಎರಡು ಚೀಲ, ಬೋರ್ಡಿನ ಮುಂದೊಂದು, ಹಿಂದೊಂದು. ಹಲಗೆ ನೆಲಕ್ಕೆ ಸಮನಾಗಿ ಕೂತಿತು. ಹಲಗೆಯ ಮೇಲಿಟ್ಟ ಬಡಗಿಯ ರಸಮಟ್ಟದಲ್ಲಿ ಗುಳ್ಳೆ ನಟ್ಟನಡುವೆ ನಿಂತಿತ್ತು. ಪರದೆಯ ಮೇಲೆ ಮಾತ್ರ ಸ್ಕೇಟರ್ ಮುಖ ಅಡಿಯಾಗಿ ಬಿದ್ದಿದ್ದ.

"ಸೆನ್ಸರ್ ಸರಿ ಇದೆ," ಎಂದೆ. "ಸೊನ್ನೆ ತಪ್ಪಿದೆ. ನಿನ್ನ ನಿಲುವಿಗೆ ಸರಿಸ್ತಾ ಸರಿಸ್ತಾ ತೀರಾ ಹಿಂದಕ್ಕೆ ಹೋಗಿದೆ. ಸಮ ನಿಂತವರೂ ಮುಂದಕ್ಕೆ ವಾಲಿದ ಹಾಗೆ ಲೆಕ್ಕ."

"ಸ್ಕೇಟ್ ಮಾಡೋರು ಹಿಂದಿನ ಕಾಲಿನ ಮೇಲೇ ನಿಲ್ಲೂದು," ಎಂದ ವಿನ್ಯಾಸಕ. "ಅದು ನನ್ನ ಅಭ್ಯಾಸ. ಅದ್ರಲ್ಲಿ ಎಂತ ತಪ್ಪುಂಟು?"

ತಪ್ಪೇನಿಲ್ಲ, ಆದರೆ ಅವನ ಅಭ್ಯಾಸದ ಪಾಲು ಎಷ್ಟು ಎಂದು ಗೊತ್ತಾದರೆ ಅಷ್ಟನ್ನು ಕಳೆದುಬಿಡಬಹುದು ಎಂದು ನನ್ನ ಲೆಕ್ಕ. ಒಂದೊಂದು ಕಾಲಿನ ಭಾರವನ್ನು ಬೇರೆಬೇರೆಯಾಗಿ ತೂಗಲು ಎರಡು ತಕ್ಕಡಿ ಬೇಕಿತ್ತು. ವಿನ್ಯಾಸಕನ ಅಕ್ಕ ಹೊನ್ನಾವರದ ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡುತ್ತಿದ್ದರು. ಮೀನಿನ ಪೆಟ್ಟಿಗೆಗಳನ್ನು ತೂಗುವ, ನೆಲದ ಮೇಲಿಡುವ ಚಪ್ಪಟೆ ತಕ್ಕಡಿಗಳು ಅವರ ಶೆಡ್ಡಿನಲ್ಲಿದ್ದವು. ಹರಾಜು ಮುಗಿದು ಶೆಡ್ಡು ಖಾಲಿಯಾದ ಮಧ್ಯಾಹ್ನ ಮೂವರೂ ಹೋದೆವು.

"ಮೀನು ಸಾಕಾಗ್ಲಿಲ್ಲ ಅಂತ ಈಗ ನನ್ನ ತಮ್ಮನನ್ನೇ ತೂಗೂಕೆ ಬಂದ್ರನ?" ಎನ್ನುತ್ತ ಅಕ್ಕ ಎರಡು ತಕ್ಕಡಿಗಳನ್ನು ಪಕ್ಕಪಕ್ಕ ಎಳೆದು ಇಟ್ಟರು. ನೆಲವೆಲ್ಲ ಒದ್ದೆ, ಪೆಟ್ಟಿಗೆಗಳಿಂದ ಉದುರಿದ ಐಸಿನ ಚೂರು ಅಲ್ಲಲ್ಲಿ ಬಿದ್ದಿತ್ತು.

ಅವನು ಚಪ್ಪಲಿ ಬಿಟ್ಟು ಹತ್ತಿದ. ಮೊದಲು ಸ್ಕೇಟಿಂಗಿನ ನಿಲುವು. ಭಾರದ ಹೆಚ್ಚಿನ ಪಾಲು ಬಲಗಾಲಿನ ಮೇಲೆ. ನಾನು ನಿರೀಕ್ಷಿಸಿದ್ದೇ. "ಈಗ ಸಾಧಾರಣವಾಗಿ ನಿಲ್ಲು. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲೋ ಹಾಗೆ," ಎಂದೆ.

ಅವನು ಎರಡೂ ಕಾಲು ಸಮ ಮಾಡಿ, ಕೈ ಇಳಿಬಿಟ್ಟು ನಿಂತ. ತಕ್ಕಡಿಯ ಅಂಕಿಗಳು ಹೆಚ್ಚುಕಡಿಮೆ ಅಲ್ಲೇ ಇದ್ದವು.

"ಸರಿಯಾಗಿ ನಿಲ್ಲು."

"ಸರಿಯಾಗೇ ನಿಂತಿದ್ದೆ."

ಎಡಬಲ ತಕ್ಕಡಿಗಳನ್ನು ಅದಲುಬದಲು ಮಾಡಿಸಿದೆ. ಅಂಕಿಗಳು ಕಾಲಿನ ಜೊತೆಗೇ ಬಂದವು. ನಾನು ಹತ್ತಿದೆ, ನನ್ನದು ಹತ್ತಿರಹತ್ತಿರ ಸಮ ಬಂತು. ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ಹತ್ತಿದರು, ಅವರದೂ ಸಮ. ಅವನು ಮತ್ತೆ ಹತ್ತಿದ. ಅದೇ ಅಂಕಿ. ಚಿತ್ರಗಾರ್ತಿ ಆತನಕ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದವಳು ಒಮ್ಮೆಲೇ ಅವನ ಪಾದಗಳತ್ತ ಬೆರಳು ತೋರಿಸಿದಳು.

"ಕಾಲಡಿ ಐಸ್ ಇದೆ."

ಎಲ್ಲರೂ ನೋಡಿದೆವು. ತಕ್ಕಡಿಯ ಮೇಲೆ, ಅವನ ಬಲ ಅಂಗಾಲಿನ ಕೆಳಗೆ ತೆಳ್ಳಗಿನ ಐಸಿನ ಬಿಲ್ಲೆಯೊಂದು ಸಿಕ್ಕಿಕೊಂಡಿತ್ತು. ಅವನು ಅದರ ಮೇಲೆಯೇ ನಿಂತಿದ್ದ. ಕರಗಿದ ನೀರು ತಕ್ಕಡಿಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು.

"ಎಲ್ಲಿ?" ಎಂದ ಅವನು.

ಅಕ್ಕ ಬಗ್ಗಿ ಅವನ ಕಾಲನ್ನು ಎತ್ತಿದರು. ಅಂಗಾಲು ಕೆಂಪೇರಿತ್ತು. "ನಿಂಗೆ ತಣ್ಣಗೆ ಆಗ್ಲಿಲ್ವನ?"

"ಇಲ್ಲ."

"ಈಗ ಮುಟ್ಟಿದ್ದು ಗೊತ್ತಾತನ?"

"ಮುಟ್ಟಿದ್ದು ಗೊತ್ತಾಗ್ತದೆ. ತಣ್ಣಗೆ ಅಂತ ಗೊತ್ತಾಗುದಿಲ್ಲ."

ಅಕ್ಕ ಅವನ ಪಾದವನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಸೊನ್ನೆಯನ್ನು ಎಷ್ಟು ಸರಿಸಬೇಕು ಎಂದು ತಿಳಿಯಲು ಬಂದಿದ್ದೆ.

ಅವನೇ ಎಲ್ಲವನ್ನೂ ಹಗುರ ಮಾಡಲು ನೋಡಿದ. ಚಿಕ್ಕಂದಿನಿಂದ ಐಸಿನ ಪೆಟ್ಟಿಗೆಯ ನಡುವೆ ಓಡಾಡಿದವರಿಗೆ ಚರ್ಮ ದಪ್ಪ, ಅಷ್ಟೇ ಎಂದ. ಕೋಣೆಗೆ ಬಂದ ಮೇಲೂ ಅದನ್ನೇ ಹೇಳಿದ. ಚಿತ್ರಗಾರ್ತಿ ಕಂಪ್ಯೂಟರ್ ತೆರೆದಳು. ಆಟದ ಸ್ಕೇಟರ್ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ನಡೆದು ಬರುವ ಒಂದು ದೃಶ್ಯವಿತ್ತು. ಕೆಲಸ ಶುರುವಾದ ಹೊಸತರಲ್ಲಿ ವಿನ್ಯಾಸಕನನ್ನೇ ನಡೆಸಿ, ವಿಡಿಯೋ ಮಾಡಿ, ಅವನ ಪ್ರತಿ ಹೆಜ್ಜೆಯನ್ನೂ ನೋಡಿ ನೋಡಿ ಅವಳು ಬರೆದದ್ದು. ಪರದೆಯ ಮೇಲೆ ಆ ಸ್ಕೇಟರ್ ಭಟ್ಕಳದ ಓಣಿಯಲ್ಲಿ ನಡೆಯತೊಡಗಿದ. ಎಡಗಾಲು ಹಗುರವಾಗಿ ಎದ್ದು, ಹಿಮ್ಮಡಿ ಮೊದಲು ಊರಿ, ಬೆರಳು ಆಮೇಲೆ ಇಳಿಯುತ್ತಿತ್ತು.

"ಅಲ್ಲಿಂದ ಇಲ್ಲಿಗೆ ನಡಿ," ಎಂದಳು ಅವನಿಗೆ.

ಅವನು ಬಾಗಿಲಿನಿಂದ ಕಿಟಕಿಯವರೆಗೆ ನಡೆದ. ದಿನಾ ನೋಡುತ್ತಿದ್ದ ನಡಿಗೆ. ಅಂದು ಪರದೆಯ ಪಕ್ಕದಲ್ಲಿ ಮೊದಲ ಸಲ ನೋಡಿದೆ. ಅವನ ಎಡಗಾಲಿನ ಬೆರಳುಗಳು ನೆಲವನ್ನು ಕೆರೆದುಕೊಂಡು ಬರುತ್ತಿದ್ದವು. ಚಪ್ಪಲಿ ಪ್ರತಿ ಹೆಜ್ಜೆಗೂ ಕಳಚಿಕೊಳ್ಳಲು ನೋಡುತ್ತಿತ್ತು.

"ಇದನ್ನು ನಾನು ನಿನ್ನಿಂದಲೇ ತೆಗೆದದ್ದು," ಎಂದಳು ಅವಳು ಮೆಲ್ಲಗೆ. "ಈಗ ನೀನು ಹೀಗೆ ನಡೆಯುವುದಿಲ್ಲ."

ಅವನು ಪರದೆಯನ್ನು ತುಂಬ ಹೊತ್ತು ನೋಡಿದ. ತನ್ನದೇ ಹಳೆಯ ನಡಿಗೆ ಅವನೆದುರು ಮತ್ತೆ ಮತ್ತೆ ಓಣಿ ದಾಟುತ್ತಿತ್ತು. ಕೊನೆಗೆ ಅವಳೇ ನಿಲ್ಲಿಸಿದಳು.

ಮರುದಿನ ಬೆಳಿಗ್ಗೆ ಹೊನ್ನಾವರದ ವೈದ್ಯರೊಬ್ಬರ ಹತ್ತಿರ ಹೋದೆವು. ಅವರು ಅವನನ್ನು ಮಲಗಿಸಿ, ಬೀಗದ ಕೈಯ ತುದಿಯಿಂದ ಎಡ ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರು. ಹೆಬ್ಬೆರಳು ಮೇಲಕ್ಕೆ ಎದ್ದಿತು. ಅದು ಕೆಳಗೆ ಮಡಚಬೇಕಿತ್ತಂತೆ. ಮಂಡಿಗೆ ಸಣ್ಣ ಸುತ್ತಿಗೆ ತಾಗಿಸಿದರೆ ಕಾಲು ಒದೆಯುವಷ್ಟು ಜೋರಾಗಿ ಹಾರಿತು. ಎಡಗಾಲಿಗೆ ಬಲ ಕಡಿಮೆ, ಬಲಗಾಲಿಗೆ ತಂಪು ಬಿಸಿ ತಿಳಿಯದು. ಕೆಟ್ಟಿದ್ದು ಎಡಗಾಲಾದರೆ ಬಲಗಾಲಿಗೆ ಏನಾಯಿತು ಎಂದು ನಾನು ಕೇಳಿದೆ.

"ಎರಡೂ ಒಂದೇ ಕಡೆಯಿಂದ ಬಂದದ್ದು," ಎಂದರು ವೈದ್ಯರು. "ಬೆನ್ನುಹುರಿಯಲ್ಲಿ ಬಲದ ದಾರಿ ಅದೇ ಬದಿಯಲ್ಲಿ ಇಳೀತದೆ. ತಂಪು ಬಿಸಿಯ ದಾರಿ ಅಡ್ಡ ದಾಟಿ ಆಚೆ ಬದಿಯಿಂದ ಏರ್ತದೆ. ಎಡಬದಿಯಲ್ಲಿ ಏನೋ ಒತ್ತುತ್ತಾ ಇದೆ. ಇಲ್ಲಿ ನೋಡುವಂಥದ್ದಲ್ಲ, ಮಂಗಳೂರಿಗೆ ಹೋಗಿ. ಇವತ್ತೇ ಹೋಗಿ." ಆಮೇಲೆ ಕೇಳಿದರು, "ಯಾವಾಗಿಂದ ಹೀಗೆ?"

ಅವನು ತಲೆ ಅಲ್ಲಾಡಿಸಿದ. ಅವನಿಗೆ ಗೊತ್ತಿರಲಿಲ್ಲ. ನೋವಿರಲಿಲ್ಲ, ಬಿದ್ದಿರಲಿಲ್ಲ. ಮನೆಯಲ್ಲೂ ಯಾರೂ ಗಮನಿಸಿರಲಿಲ್ಲ.

"ದೋಣಿಗಳನ್ನು ದಡಕ್ಕೆ ಎಳೆಯೋಕೆ ಮೊದಲು," ಎಂದೆ ನಾನು. ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲುವ ಮೊದಲು. ನಾನು ಮೊದಲ ಸಲ ಸೊನ್ನೆ ಸರಿಸಿದ್ದು ಆ ದಿನಗಳಲ್ಲಿ. ಎರಡನೆಯ ಸಲ ಯಾವಾಗ, ಮೂರನೆಯ ಸಲ ಯಾವಾಗ ಎಂಬುದನ್ನೂ ಹೇಳುತ್ತ ಹೋದೆ. ವೈದ್ಯರು ಬರೆಯುವುದನ್ನು ನಿಲ್ಲಿಸಿ, ನೀವು ಇವರ ಮನೆಯವರೇ ಎಂದು ಕೇಳಿದರು.

"ಅಲ್ಲ. ಜೊತೆಗೆ ಕೆಲಸ ಮಾಡೋರು."

ಹೊರಗೆ ಬಂದಾಗ ವಿನ್ಯಾಸಕ ಮೆಟ್ಟಿಲ ಮೇಲೆ ಕೂತ. ಅಕ್ಕ ಆಟೋ ಕರೆಯಲು ಹೋಗಿದ್ದರು. "ಹಂಗಾರೆ ಬೋರ್ಡು ಸರಿ ಇತ್ತು," ಎಂದ ಅವನು.

ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಬೆನ್ನಿನ ನಡುಭಾಗದಲ್ಲಿ, ಬೆನ್ನುಹುರಿಯ ಎಡಕ್ಕೆ ಗೇರುಬೀಜದಷ್ಟು ಗಂಟು. ಬೆನ್ನುಹುರಿ ಅದರ ಪಕ್ಕದಲ್ಲಿ ಬಳ್ಳಿಯಂತೆ ಬಾಗಿತ್ತು. ಕ್ಯಾನ್ಸರಿನಂತೆ ಕಾಣುವುದಿಲ್ಲ, ತೆಗೆದು ಪರೀಕ್ಷಿಸಿದ ಮೇಲೆ ಖಚಿತ. ತಡ ಮಾಡಿದರೆ ಕಾಲು ಪೂರ್ತಿ ಹೋಗಬಹುದು ಎಂದರು. ಅಕ್ಕ ಆ ಚಿತ್ರದ ಹಾಳೆಯನ್ನು ಬೆಳಕಿಗೆ ಹಿಡಿದು, ಮೀನಿನ ಮುಳ್ಳು ನೋಡುವವರಂತೆ ಹತ್ತಿರದಿಂದ ನೋಡಿದರು. ಅಳಲಿಲ್ಲ. "ಇಷ್ಟು ಸಣ್ಣದನ?" ಎಂದಷ್ಟೇ ಕೇಳಿದರು.

ಶಸ್ತ್ರಚಿಕಿತ್ಸೆ ನಿಗದಿಯಾದದ್ದು ಹೈದರಾಬಾದಿನ ಪ್ರದರ್ಶನದ ವಾರದಲ್ಲೇ. ಹಾಸಿಗೆಯ ಮೇಲಿಂದಲೇ ವಿನ್ಯಾಸಕ ನನಗೆ ಕೆಲಸ ಹೇಳಿದ. "ಮರಳಿನ ಚೀಲದ ಸೊನ್ನೆ ಹಾಕಿ ಕಳ್ಸು. ಯಾರೂ ಬೀಳುದಿಲ್ಲ. ಆತು."

ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತು, ಹಿಂದೆ ದಾಖಲಾಗಿದ್ದ ಆಟಗಳ ಮೇಲೆ ಹಾಗೆಯೇ ಮಾಡಿ ನೋಡಿದೆ. ಸ್ಕೇಟರ್ ಬೀಳಲಿಲ್ಲ, ನಿಜ. ಆದರೆ ಉಳಿದೆಲ್ಲ ಕೆಟ್ಟುಹೋಯಿತು. ಜಿಗಿತಕ್ಕೆ ಎಷ್ಟು ಒದೆಯಬೇಕು, ತಿರುವಿಗೆ ಎಷ್ಟು ವಾಲಬೇಕು, ಇಳಿದಾಗ ಎಷ್ಟು ತೂಗಾಟವನ್ನು ಕ್ಷಮಿಸಬೇಕು, ಇದೆಲ್ಲವನ್ನೂ ಅವನು ತನ್ನ ಮೈಯಿಂದ ಹೊಂದಿಸಿದ್ದ. ದುರ್ಬಲವಾಗುತ್ತಿದ್ದ ಎಡಗಾಲಿಗೆ ತಕ್ಕಂತೆ ಬೋರ್ಡಿನ ಮುಂಭಾಗದ ಪ್ರತಿ ಅಂಕಿಯೂ ಗೊತ್ತಿಲ್ಲದೆ ಮೆತ್ತಗಾಗಿತ್ತು. ಸೊನ್ನೆಯೊಂದನ್ನೇ ಕಿತ್ತು ಸರಿಪಡಿಸುವಂತಿರಲಿಲ್ಲ. ನಮ್ಮ ಆಟದೊಳಗೆ ಅವನ ಕಾಯಿಲೆ ನರನರಕ್ಕೂ ಇಳಿದಿತ್ತು. ಚಹಾ ತಣ್ಣಗಾಯಿತು. ನಾನು ಆ ಅಂಕಿಗಳನ್ನು ನೋಡುತ್ತ ಕೂತೇ ಇದ್ದೆ.

ಚಿತ್ರಗಾರ್ತಿಗೆ ಫೋನ್ ಮಾಡಿದೆ. ಅವಳು ಎಲ್ಲವನ್ನೂ ಕೇಳಿ, "ಹಾಗಾದರೆ ಇದು ಆಟವಲ್ಲ, ಅವನೊಬ್ಬನ ಅಚ್ಚು," ಎಂದಳು. ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡೋಣ ಎಂದೆ. "ಅಳಿಸು," ಎಂದಳು.

ಆಟ ಈ ಪ್ರದರ್ಶನಕ್ಕೆ ಸಿದ್ಧವಾಗುವುದಿಲ್ಲ ಎಂದು ಪ್ರಕಾಶಕರಿಗೆ ನಾನೇ ಹೇಳಿದೆ. ಫೋನಿನಲ್ಲಿದ್ದ ಮಹಿಳೆ ಸೌಜನ್ಯದಿಂದಲೇ ಕೇಳಿದರು. ಪ್ರದರ್ಶನದ ಜಾಗವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಮುಂದಿನ ಪ್ರದರ್ಶನದ ಬಗ್ಗೆ ಮಾತು ಕೊಡಲಾರೆ ಎಂದರು. ನಾನು ಒಪ್ಪಿಕೊಂಡೆ. ವಿನ್ಯಾಸಕನಿಗೆ ಈ ವಿಷಯ ಹೇಳಿದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಗಂಟು ಪೂರ್ತಿ ಬಂತು. ಕ್ಯಾನ್ಸರ್ ಅಲ್ಲ ಎಂದು ವರದಿ ಬಂತು. ಆದರೆ ಎಚ್ಚರವಾದಾಗ ಎಡಗಾಲು ಮೊದಲಿಗಿಂತಲೂ ನಿಶ್ಚಲವಾಗಿತ್ತು. ಇದು ತಾತ್ಕಾಲಿಕವಿರಬಹುದು ಎಂದರು ವೈದ್ಯರು. ಆ 'ಬಹುದು' ಎಂಬ ಮಾತನ್ನು ನಾವು ಹಲವು ದಿನ ಹಿಡಿದುಕೊಂಡು ಓಡಾಡಿದೆವು. ಬೆರಳು ಅಲ್ಲಾಡಿದ ದಿನ ಅಕ್ಕ ಬಂದರಿನಿಂದಲೇ ನನಗೆ ಫೋನ್ ಮಾಡಿದರು. "ಹೆಬ್ಬೆರಳು ಅಲ್ಲಾಡ್ತಂತೆ ತಂಗಿ," ಎಂದರು. ಅವರ ಹಿಂದೆ ಹರಾಜಿನ ಗಲಾಟೆ ಕೇಳುತ್ತಿತ್ತು. ಅವರು ಫೋನ್ ಇಡದೆ ಹಾಗೇ ಹಿಡಿದಿದ್ದರು.

ಅವನು ಮಾವಳ್ಳಿಯ ಮನೆಯಲ್ಲಿ ವ್ಯಾಯಾಮ ಮಾಡುತ್ತಿದ್ದ ತಿಂಗಳುಗಳಲ್ಲಿ ನಾವಿಬ್ಬರು ಬೋರ್ಡನ್ನು ಊರೂರಿಗೆ ಹೊತ್ತೆವು. ಭಟ್ಕಳದಲ್ಲಿ ಚಿತ್ರಗಾರ್ತಿಯ ಚಿಕ್ಕಮ್ಮಂದಿರು ಅಂಗಳದಲ್ಲಿ ಸಾಲಾಗಿ ಹತ್ತಿ ನಿಂತರು. ಸಂತೆಗುಳಿಯಲ್ಲಿ ಪರಿಚಯದ ಶಿಕ್ಷಕಿಯೊಬ್ಬರು, "ನಂಗೆ ಇದೆಲ್ಲ ಬತ್ತಿಲ್ಲೆ," ಎನ್ನುತ್ತಲೇ ಹತ್ತಿ, ಇಳಿಯಲು ಒಪ್ಪಲಿಲ್ಲ. ದೋಣಿಯಲ್ಲಿ ದುಡಿಯುವವರು, ಬಸ್ ಕಂಡಕ್ಟರ್, ಬಾಣಂತನ ಮುಗಿಸಿದ ಹೆಣ್ಣುಮಗಳು, ಎಲ್ಲರೂ ನಿಂತರು. ಮೀನಿನ ತಕ್ಕಡಿಯಲ್ಲಿ ಸಮ ಎಂದು ಕಂಡದ್ದು ಬೋರ್ಡಿನ ಸೂಕ್ಷ್ಮ ಅಳತೆಯಲ್ಲಿ ಸಮವಾಗಿರಲಿಲ್ಲ. ಒಬ್ಬರಾದರೂ ನಟ್ಟನಡುವೆ ನಿಲ್ಲಲಿಲ್ಲ. ಕಂಡಕ್ಟರ್ ಒಂದು ಬದಿಗೆ, ತಾಯಿ ಹಿಂದಕ್ಕೆ, ದೋಣಿಯ ಹುಟ್ಟು ಹಾಕುವವರು ಮುಂದಕ್ಕೆ. ಮರಳಿನ ಚೀಲದ ಸೊನ್ನೆ ಯಾವ ಮನುಷ್ಯನ ಮೈಯಲ್ಲೂ ಇರಲಿಲ್ಲ. ಅಲ್ಲಿಯವರೆಗೆ ನಾನು ಹುಡುಕುತ್ತಿದ್ದುದು ಇಲ್ಲದ ಒಂದು ಬಿಂದುವನ್ನು.

ಹೊಸ ಆಟ ಮೊದಲು ಆಡುವವರನ್ನು ಸುಮ್ಮನೆ ನಿಲ್ಲಿಸುತ್ತದೆ. ಅವರವರ ನಿಲುವೇ ಅವರವರ ಸೊನ್ನೆ. ಮುಂದಿನ ಸಲ ನಿಂತಾಗ ಅದು ಬದಲಾಗಿದ್ದರೆ ಏನು ಮಾಡಬೇಕೆಂಬ ಬಗ್ಗೆ ನಮ್ಮಲ್ಲಿ ಜಗಳವೇ ಆಯಿತು. ಆಟ ಅದನ್ನು ಬಾಯಿಬಿಟ್ಟು ಹೇಳಬೇಕು ಎಂದು ವಿನ್ಯಾಸಕ ಫೋನಿನಲ್ಲಿ ಹಟ ಹಿಡಿದ. ಚಿತ್ರಗಾರ್ತಿ ಒಪ್ಪಲಿಲ್ಲ. "ಹೊಸ ಚಪ್ಪಲಿ ಹಾಕಿದವರನ್ನೂ ಹೆದರಿಸಿ ಆಸ್ಪತ್ರೆಗೆ ಕಳಿಸುತ್ತೀಯಾ? ನಾವು ಆಟ ಮಾಡುವವರು." ಕೊನೆಗೆ ಅವಳೇ ದಾರಿ ಹುಡುಕಿದಳು. ಆಟ ಶುರುವಾಗುವಾಗ ಪರದೆಯ ಮೇಲೆ ಎರಡು ಗೆರೆಯ ಆಕೃತಿಗಳು: ಹಿಂದೆ ನೀವು ನಿಂತದ್ದು ಹೀಗೆ, ಇಂದು ಹೀಗೆ. ಮಾತಿಲ್ಲ. ಸೊನ್ನೆಯನ್ನು ಸದ್ದಿಲ್ಲದೆ ಸರಿಪಡಿಸುವ ಕೋಡಿನ ಸಾಲುಗಳನ್ನೆಲ್ಲ ನಾನು ಕಿತ್ತುಹಾಕಿದೆ.

ವಿನ್ಯಾಸಕ ಹೊನ್ನಾವರದ ಕೋಣೆಗೆ ಮರಳಿದ್ದು ಒಂದು ಸಂಜೆ, ಊರುಗೋಲು ಹಿಡಿದು, ಅಕ್ಕನ ಜೊತೆ. ಮೆಟ್ಟಿಲು ಹತ್ತಲು ತುಂಬ ಹೊತ್ತು ಬೇಕಾಯಿತು. ಎಡಗಾಲಿಗೂ ಸಮನಾಗಿ ಭಾರ ಹಾಕಿ ನಿಲ್ಲಲು ವೈದ್ಯರು ಹೇಳಿದ್ದಾರೆ, ಬೋರ್ಡಿನ ಮೇಲೆ ನಿಲ್ಲುತ್ತೇನೆ ಎಂದ. ಅಕ್ಕ ಬೇಡ ಎನ್ನಲಿಲ್ಲ, ಹಿಂದೆ ಬಂದು ನಿಂತರು. ಅವನು ಕಿಟಕಿಯ ಸರಳು ಹಿಡಿದು ಒಂದು ಕಾಲಿಟ್ಟ, ಆಮೇಲೆ ಇನ್ನೊಂದು. ಮೈ ಹಿಂದಕ್ಕೇ ಸೆಳೆಯುತ್ತಿತ್ತು. ಬೋರ್ಡಿನ ಹಿಂಭಾಗ ನೆಲಕ್ಕೆ ತಾಗಿತ್ತು.

"ಮುಂದೆ ಬಾ," ಎಂದೆ. "ಇನ್ನೂ ಸ್ವಲ್ಪ. ಇನ್ನೂ."

ಅವನು ಬಂದ. ಬೋರ್ಡಿನ ಮುಂಭಾಗ ಮೆಲ್ಲಗೆ ಇಳಿದು ಹಲಗೆ ಸಮವಾಯಿತು. ಅವನ ಹಣೆಯ ಮೇಲೆ ಬೆವರು ಒಡೆಯಿತು. ಸರಳು ಹಿಡಿದ ಬೆರಳುಗಳು ಬಿಳಚಿಕೊಂಡವು.

"ಬೀಳ್ತೆ," ಎಂದ. "ಮುಂದಕ್ಕೆ ಬೀಳ್ತಾ ಇದ್ದೆ. ಹಿಡ್ಕೊಳ್ಳಿ."

ನಾನು ಪರದೆ ನೋಡಿದೆ, ಹಲಗೆ ನೋಡಿದೆ, ಮತ್ತೆ ಪರದೆ ನೋಡಿದೆ. ಪರದೆಯ ಗೆರೆಯ ಆಕೃತಿಯೂ ನೆಟ್ಟಗಿತ್ತು, ಅವನು ನೇರವಾಗಿ ನಿಂತಿದ್ದ. ಇಷ್ಟು ನೇರವಾಗಿ ನಿಂತದ್ದನ್ನು ನಾವು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಅಷ್ಟು ತಿಂಗಳು ಓರೆಯಾಗಿ ನಿಂತ ಮೈಗೆ ಈಗ ನೇರ ನಿಲ್ಲುವುದೇ ಬೀಳುವಂತೆ ಅನ್ನಿಸುತ್ತಿತ್ತು. ಅದು ಆಗ ನನಗೆ ಅರ್ಥವಾಯಿತು.

"ನೀನು ಬೀಳ್ತಾ ಇಲ್ಲ," ಎಂದೆ. "ನೇರ ನಿಂತಿದ್ದೀಯ."

"ಸುಳ್ಳು ಹೇಳ್ಬೇಡ."

"ಇವಳು ಹೇಳುದು ಹೌದು," ಎಂದರು ಅಕ್ಕ ಹಿಂದಿನಿಂದ. "ನಾನೂ ಕಾಣ್ತಾ ಇದ್ದೆ. ನೇರ ನಿಂತಿದ್ದಿ ನೀನು."

ಅವನು ಪರದೆಯನ್ನು ನೋಡಿದ. ನಮ್ಮ ಮುಖಗಳನ್ನು ನೋಡಿದ. ನಂಬಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿದ, ಮತ್ತೆ ತೆರೆದ. ಆಮೇಲೆ ಸರಳಿನಿಂದ ಒಂದೊಂದೇ ಬೆರಳು ಬಿಡಿಸಿಕೊಂಡು, ಬೀಳುತ್ತಿದ್ದೇನೆ ಎಂದು ಮೈಯೆಲ್ಲ ಹೇಳುತ್ತಿದ್ದರೂ, ಕೈ ಬಿಟ್ಟ.